ಸಾಹೇಬರ ಕಂಪ್ಯೂಟರಿನಾಗ ಆಟ ಓಡ್ತದೇನು?

ಆಫೀಸಿನ ಕಂಪ್ಯೂಟರಿನಲ್ಲಿ ಹೊಸ ಗೇಮ್ ಓಡುತ್ತದೆಯೇ ಎಂದು ನನ್ನನ್ನು ಕೇಳಬೇಡಿ. ಹನ್ನೆರಡು ವರ್ಷದಿಂದ ಈ ರಿಪೇರಿ ಅಂಗಡಿಯಲ್ಲಿ ಕೂತು ಅದೊಂದೇ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ಸಾಕಾಗಿದೆ. ನಿಮ್ಮ ಮಷೀನು ಬಿಚ್ಚಿಟ್ಟಿದ್ದೇನೆ, ಇನ್ನೊಂದು ತಾಸು ಬೇಕು. ಅಲ್ಲಿಯತನಕ ಅಡಿವೆಪ್ಪನ ಕತೆ ಕೇಳಿ.

ಅಡಿವೆಪ್ಪ ಕಾಶವ್ವನ ಒಬ್ಬನೇ ಮಗ. ಮೂವತ್ತು ತುಂಬಿತ್ತು, ಮೀಸೆ ಬಂದಿತ್ತು, ಬುದ್ಧಿ ಮಾತ್ರ ಬಂದಿರಲಿಲ್ಲ. ಕಾಶವ್ವ ರೊಟ್ಟಿ ಬಡಿದು ಮಾರುವವಳು. ಅವಳ ಮನೆಯ ಹಿಂದಿನ ಗೋಡೆ ಬಿದ್ದು ಎರಡು ವರ್ಷವಾಗಿತ್ತು. ಪಟ್ಟಣ ಪಂಚಾಯಿತಿಯವರು ಕೊನೆಗೂ ಹೊಸ ಮನೆಗೆ ಅವಳ ಹೆಸರು ಬರೆದುಕೊಂಡರು. ಶನಿವಾರ ಸಂಜೆ ನಾಲ್ಕರೊಳಗೆ ಪ್ಲ್ಯಾನು ತಂದುಕೊಡಬೇಕು, ಇಲ್ಲದಿದ್ದರೆ ಹೆಸರು ತೆಗೆದುಹಾಕುತ್ತೇವೆ ಎಂದರು.

ಊರಿನಲ್ಲಿ ಪ್ಲ್ಯಾನು ಹಾಕುವವರು ಇಂಜಿನಿಯರ್ ಕೊಣ್ಣೂರ ಸಾಹೇಬರು. "ನಿಂದು ನಾ ಪುಕ್ಕಟೆ ಹಾಕಿಕೊಡ್ತೀನಿ ಕಾಶವ್ವಾ. ಮಗನ್ನ ಆಫೀಸಿಗೆ ಕಳಸು, ಕಸಾ ಹೊಡದು ಬಾಗಲಾ ಕಾಯಲಿ" ಅಂದರು. ಕಾಶವ್ವ ಮಗನ ಕೈ ಹಿಡಿದು, "ಒಂದು ವಾರ, ನನ್ನಪ್ಪಾ. ಹೇಳಿದ್ದನ್ನ ಹೇಳಿದಂಗ ಮಾಡು" ಅಂದಳು.

"ಆಗಲವ್ವ" ಅಂದ ಅಡಿವೆಪ್ಪ. ಹೇಳಿದ್ದನ್ನು ಹೇಳಿದ ಹಾಗೆ ಮಾಡುವುದೇ ಅವನ ರೋಗ.

ಸಾಹೇಬರಿಗೆ ಐವತ್ತು ದಾಟಿದ್ದರೂ ಕಾರು ಓಡಿಸುವ ಆಟದ ಹುಚ್ಚು. ಮಗಳ ಮನೆಯಲ್ಲಿ ಒಮ್ಮೆ ಆಡಿ ಬಂದವರಿಗೆ ಆಫೀಸಿನಲ್ಲೂ ಆಡಬೇಕು ಅನ್ನಿಸಿತು. ಅವರ ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡು ಮನೆಗಳ ಚಿತ್ರ ತೆಗೆಯಲೆಂದು ಹಾಕಿಸಿದ್ದು. ಸೋಮವಾರ ಅದನ್ನು ಬಿಚ್ಚಿ ಅಡಿವೆಪ್ಪನ ಕೈಗೆ ಕೊಟ್ಟು, "ಇದರ ಮ್ಯಾಲೆ ಹೊಸಾ ಆಟ ಓಡ್ತದೇನು, ರಿಪೇರಿ ಅಂಗಡ್ಯಾಗ ಕೇಳ್ಕೊಂಡು ಬಾ. ಚೀಲದಾಗ ಇಟಗೊಂಡು ಹೋಗು" ಅಂದರು.

ಅಡಿವೆಪ್ಪನ ಹತ್ತಿರ ಇದ್ದದ್ದು ಬುತ್ತಿಯ ಚೀಲ. ಕಾರ್ಡು ನನ್ನ ಮೇಜಿಗೆ ಬಂದಾಗ ಅದರ ಫ್ಯಾನಿನ ತುಂಬ ಎಣ್ಣೆಗಾಯಿ ಪಲ್ಯ. ಅರ್ಧ ದಿನ ಕೂತು ಒರೆಸಿದೆ. "ಇದು ಹೊಲಾ ಉಳೋ ಎತ್ತು ತಮ್ಮಾ. ಓಟಕ್ಕ ಬಿಟ್ರ ಓಡಿದರೂ ಓಡೀತು, ಕುಂತರೂ ಕುಂತೀತು. ಹಾಕಿ ನೋಡ್ರಿ ಅಂತ ಹೇಳು" ಅಂದು ಕಳಿಸಿದೆ.

ಸಂಜೆ ಕಾಶವ್ವ ಹಣೆ ಬಡಿದುಕೊಂಡಳು. "ಅಂಥಾ ವಸ್ತುಕ್ಕ ಪ್ಲಾಸ್ಟಿಕ್ ಚೀಲ ಹಾಕಿ ಬಾಯಿ ಬಿಗದು ಕಟ್ಟಬೇಕೋ. ಧೂಳು ಹೋಗಬಾರದು, ಪಲ್ಯ ಹೋಗಬಾರದು."

"ಆಗಲವ್ವ."

ಮಂಗಳವಾರ ಸಾಹೇಬರು ಕಾರ್ಡನ್ನು ಮತ್ತೆ ಕೂರಿಸಿ, ಕಂಪ್ಯೂಟರು ಚಾಲೂ ಮಾಡಿ, ಸೈಟಿಗೆ ಹೋದರು. ಅಡಿವೆಪ್ಪ ಒಂದು ದೊಡ್ಡ ಪ್ಲಾಸ್ಟಿಕ್ ಚೀಲ ತಂದ. ಓಡುತ್ತಿದ್ದ ಕಂಪ್ಯೂಟರಿಗೆ ಮುಸುಕು ಹಾಕಿದ, ಬಾಯಿ ಬಿಗಿದ, ಹುರಿಯಿಂದ ಮೂರು ಸುತ್ತು ಸುತ್ತಿದ. ಅದು ಬುಸುಗುಟ್ಟಿತು, ಕಾದು ಹಂಚಾಯಿತು, ಆಮೇಲೆ ಸುಮ್ಮನಾಯಿತು. ನಾನೇ ಹೋಗಿ ಎಬ್ಬಿಸಿ ಬಂದೆ.

ಸಂಜೆ ಕಾಶವ್ವ ಮತ್ತೆ ಹಣೆ ಬಡಿದುಕೊಂಡಳು. "ಬಿಸಿ ಆದದ್ದಕ್ಕ ಗಾಳಿ ಬೇಕಲ್ಲೋ. ಬಿಚ್ಚಿ ಫ್ಯಾನಿನ ಕೆಳಗ ಇಡಬೇಕು."

"ಆಗಲವ್ವ."

ಬುಧವಾರ ಪ್ರಿಂಟರಿನಿಂದ ದೇಸಾಯರ ಮನೆಯ ಪ್ಲ್ಯಾನು ಹೊರಬಂತು. ಅಡಿವೆಪ್ಪ ಮುಟ್ಟಿ ನೋಡಿದ, ಹಾಳೆ ಬೆಚ್ಚಗಿತ್ತು. ಎಲ್ಲ ಹಾಳೆಗಳನ್ನೂ ಬಿಡಿಬಿಡಿಯಾಗಿ ಫ್ಯಾನಿನ ಕೆಳಗೆ ಹರವಿ ರೆಗ್ಯುಲೇಟರನ್ನು ಐದಕ್ಕೆ ತಿರುಗಿಸಿದ. ಹಾಳೆಗಳು ಎದ್ದವು, ಕಿಟಕಿ ದಾಟಿದವು, ರಸ್ತೆಗೆ ಬಿದ್ದವು. ದೇಸಾಯರ ಮೆಟ್ಟಿಲು ಗಟಾರಕ್ಕೆ ಹೋಯಿತು. ಅಡುಗೆಮನೆಯನ್ನು ಒಂದು ಎಮ್ಮೆ ತಿಂದಿತು.

ಅಂದು ಕಾಶವ್ವ ಹಣೆ ಬಡಿದುಕೊಳ್ಳಲಿಲ್ಲ, ಅವಳ ಕೈಯೂ ಸೋತಿತ್ತು. ಒಲೆಯ ಮುಂದೆ ಕೂತು ಮೆಲ್ಲಗೆ ಅಂದಳು: "ಮಂದಿ ವಸ್ತು ಹಾಳು ಮಾಡಬ್ಯಾಡೋ ನನ್ನಪ್ಪಾ. ಹೋಗೋದಿದ್ರ ನಮ್ದು ಹೋಗಲಿ, ಮಂದೀದು ಮುಟ್ಟಬ್ಯಾಡ."

"ಆಗಲವ್ವ."

ಗುರುವಾರ ಏನೂ ಆಗಲಿಲ್ಲ. ಗುರುವಾರ ಕರೆಂಟು ಇರಲಿಲ್ಲ.

ಶುಕ್ರವಾರ ಸಾಹೇಬರು ಕಾಶವ್ವನ ಪ್ಲ್ಯಾನು ಮುಗಿಸಿದರು. ಅಷ್ಟಕ್ಕೇ ಬಿಟ್ಟರೇ? ಕಾರ್ಡಿನ ಶಕ್ತಿ ನೋಡುತ್ತೇನೆಂದು ಆ ಎರಡು ಕೋಣೆಯ ಮನೆಯೊಳಗೆ ನಡೆದಾಡಿದ ಹಾಗೆ ತೋರಿಸುವ ವಿಡಿಯೊ ಮಾಡಿದರು, ಒಂದಲ್ಲ, ಹತ್ತು. ಎಲ್ಲವನ್ನೂ ಪ್ಲ್ಯಾನಿನ ಜೊತೆ ಕಾಶವ್ವನ ಹೆಸರಿನ ಫೋಲ್ಡರಿನಲ್ಲೇ ಇಟ್ಟರು. ಆಮೇಲೆ ಇಂಟರ್ನೆಟ್ಟಿನಿಂದ ಆಟ ಇಳಿಸಲು ಹಚ್ಚಿ ಸೈಟಿಗೆ ಹೋದರು. ಮಧ್ಯಾಹ್ನ ಕಂಪ್ಯೂಟರು ಜಾಗ ಸಾಲದು ಅಂದಿತು. ಅಡಿವೆಪ್ಪ ಫೋನು ಮಾಡಿದ. "ಬ್ಯಾಡಾದ್ದು ಒಂದೆರಡು ತಗದು ಜಾಗಾ ಮಾಡೋ" ಅಂದರು ಸಾಹೇಬರು. ಆಟದ ಹುಚ್ಚಿನಲ್ಲಿ ಯಾರಿಗೆ ಹೇಳುತ್ತಿದ್ದೇನೆ ಅನ್ನುವುದೇ ಅವರಿಗೆ ಮರೆತಿತ್ತು.

ಅಡಿವೆಪ್ಪ ಒಂದೊಂದೇ ಹೆಸರು ಓದಿದ. ದೇಸಾಯರದು, ಮಂದೀದು. ಪಟ್ಟಣಶೆಟ್ಟರದು, ಮಂದೀದು. ಕಾಶವ್ವ, ಇದು ನಮ್ದು. ಅಳಿಸಿದ. ಕಂಪ್ಯೂಟರಿನ ಕಸದ ಬುಟ್ಟಿಯನ್ನೂ ಬರಿದು ಮಾಡಿದ, ಮನೆಯಲ್ಲಿ ಕಸ ಇಟ್ಟುಕೊಳ್ಳಬಾರದು ಎಂದು ತಾಯಿ ಚಿಕ್ಕಂದಿನಲ್ಲೇ ಹೇಳಿದ್ದಳು. ಆಟ ಸರಾಗವಾಗಿ ಇಳಿಯಿತು. ಸಾಹೇಬರು ಮಾತ್ರ ಶನಿವಾರ ಮಧ್ಯಾಹ್ನದ ತನಕ ಸೈಟಿನಿಂದ ಬರಲಿಲ್ಲ.

ಶನಿವಾರ ಎರಡು ಗಂಟೆಗೆ ಕಾಶವ್ವ ಒಗೆದ ಸೀರೆ ಉಟ್ಟು ಪ್ಲ್ಯಾನು ತೆಗೆದುಕೊಳ್ಳಲು ಬಂದಳು. ಸಾಹೇಬರು ಹುಡುಕಿದರು, ಮತ್ತೆ ಹುಡುಕಿದರು, ಕನ್ನಡಕ ಒರೆಸಿಕೊಂಡು ಹುಡುಕಿದರು. ಕಾಶವ್ವ ಮಗನ ಕಡೆ ತಿರುಗಿದಳು. "ನಮ್ಮ ಮನಿ ಎಲ್ಲೋ?"

"ಅಳಿಸೀನವ್ವ. ಮಂದೀದು ಒಂದೂ ಮುಟ್ಟಿಲ್ಲ. ಹೋಗೋದಿದ್ರ ನಮ್ದು ಹೋಗಲಿ ಅಂತ ನೀನ ಹೇಳಿದ್ದಿ."

ಆ ಮಾತು ಅವಳದೇ. ಕಾಶವ್ವ ಅಲ್ಲೇ ನೆಲದ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು. ನಾನು ಆಗ ಕೆಟ್ಟಿದ್ದ ಪ್ರಿಂಟರು ನೋಡಲು ಅಲ್ಲಿಗೆ ಹೋಗಿದ್ದೆ. ಅಳಿಸಿದ್ದನ್ನು ಎಬ್ಬಿಸಬೇಕೆಂದರೆ ಅದರ ಮೇಲೆ ಆಗಲೇ ಆಟ ಬಂದು ಕೂತಿತ್ತು.

ಸಾಹೇಬರು ನಾಚಿಕೊಂಡರು. ಕಂಪ್ಯೂಟರು ಪಕ್ಕಕ್ಕೆ ಸರಿಸಿ, ಕಪಾಟಿನಿಂದ ಹಳೆಯ ಸ್ಕೇಲು ಪೆನ್ಸಿಲು ತೆಗೆದರು. ಇಪ್ಪತ್ತು ವರ್ಷದಿಂದ ಕೈಯಲ್ಲಿ ಗೆರೆ ಎಳೆದವರಲ್ಲ. ಬೆವರು ಒರೆಸುತ್ತ ಎಳೆದರು, ಅಳಿಸಿದರು, ಎಳೆದರು. ಮೂರೂವರೆಗೆ ಕಾಶವ್ವನ ಮನೆ ಕಾಗದದ ಮೇಲೆ ನಿಂತಿತು. ಸಾಹೇಬರು ಅವಳನ್ನು ಕರೆದೊಯ್ಯಲು ಸ್ಕೂಟರು ಹೊರಗೆ ತೆಗೆದರು. ನಾನು ಅಂಗಡಿಗೆ ಹೊರಟೆ.

ಕಾಶವ್ವ ಬಾಗಿಲಲ್ಲಿ ತಿರುಗಿ ನೋಡಿ ಮಗನಿಗೆ ಅಂದಳು: "ನೀ ಏನೂ ಮಾಡಬ್ಯಾಡ. ಏನೂ ಮುಟ್ಟಬ್ಯಾಡ. ಯಾರ ಕೂಡನೂ ಮಾತಾಡಬ್ಯಾಡ. ಹೀಂಗ ಸುಮ್ನ ನಿಂದ್ರು."

ಅಡಿವೆಪ್ಪ ಆಗಲವ್ವ ಅನ್ನಲಿಲ್ಲ. ಮಾತಾಡಬೇಡ ಅಂದಿದ್ದಳಲ್ಲ.

ನಾಲ್ಕಕ್ಕೆ ಐದು ನಿಮಿಷ ಇರುವಾಗ ಪ್ಲ್ಯಾನಿನ ಮೇಲೆ ಪಂಚಾಯಿತಿಯ ಠಸ್ಸೆ ಬಿತ್ತು. ಕಾಶವ್ವ ಆ ಠಸ್ಸೆಯನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡುತ್ತ, ವಾರದಲ್ಲಿ ಮೊದಲ ಸಲ ನಗುತ್ತ, ಸ್ಕೂಟರಿನಲ್ಲಿ ವಾಪಸು ಬಂದಳು. ಅಡಿವೆಪ್ಪ ನಿಂತಲ್ಲೇ ನಿಂತಿದ್ದ. ಮೇಜು ಬರಿದಾಗಿತ್ತು.

"ಕಂಪ್ಯೂಟರ್ ಎಲ್ಲಿ?" ಅಂದರು ಸಾಹೇಬರು. ಅಡಿವೆಪ್ಪ ತಾಯಿಯ ಮುಖ ನೋಡಿದ.

"ಮಾತಾಡು" ಅಂದಳು ಕಾಶವ್ವ. ಅವಳ ನಗು ಹೋಗಿತ್ತು.

"ಇಬ್ಬರು ಬಂದ್ರು. ಸಾಹೇಬ್ರ ಎಲ್ಲಿ ಅಂದ್ರು, ನಾ ಮಾತಾಡ್ಲಿಲ್ಲ. ವೈರು ಕಿತ್ರು, ನಾ ಮುಟ್ಟಲಿಲ್ಲ. ಹೊತಗೊಂಡು ಹೋದ್ರು, ನಾ ಏನೂ ಮಾಡಲಿಲ್ಲ. ಹಿಂಗ ನಿಂತಿದ್ದೆ."

ದೇಸಾಯರ ಮನೆ ಹೋಯಿತು, ಪಟ್ಟಣಶೆಟ್ಟರ ಮನೆ ಹೋಯಿತು. ಆ ಕಂಪ್ಯೂಟರಿನಲ್ಲಿದ್ದ ಊರ ಮಂದಿಯ ಮನೆಗಳೆಲ್ಲ ಹೋದವು. ಉಳಿದದ್ದು ಅಡಿವೆಪ್ಪ ಅಳಿಸಿದ ಒಂದೇ ಮನೆ, ಕಾಶವ್ವನದು. ಬೈಯುವ ತ್ರಾಣ ಅಲ್ಲಿ ಯಾರಿಗೂ ಇರಲಿಲ್ಲ. ಸಾಹೇಬರು ಬರಿದಾದ ಮೇಜಿನ ಮುಂದೆ ಕೂತರು. ಕೊನೆಗೆ ತಡೆಯಲಾರದೆ ಕೇಳಿದರು.

"ಹೋಗಲಿ ಬಿಡು. ಆಟ ಓಡ್ತಿತ್ತೇನೋ?"

"ಚಲೋ ಓಡ್ತಿತ್ತರೀ ಸಾಹೇಬ್ರ" ಅಂದ ಅಡಿವೆಪ್ಪ. "ಅವರು ಅರ್ಧಾ ತಾಸು ಆಡಿ ನೋಡೇ ಒಯ್ದ್ರು."

ಕಾಶವ್ವನ ಮನೆ ಅಲ್ಲಿ ಎದ್ದಿತು, ನಿಮ್ಮ ಮಷೀನು ಇಲ್ಲಿ ಆಯಿತು. ಒಯ್ಯಿರಿ.