ಒಂದಕ್ಷರವನ್ನೂ ಬರೆಯದ ಕನ್ನಡಕ

ಕಿವಿ ಕೇಳದ ಚೆನ್ನವ್ವನಿಗೆ ಜಾಣ ಕನ್ನಡಕವೊಂದು ಬಂತು. ಎದುರಿನವರು ಆಡಿದ ಮಾತನ್ನೆಲ್ಲ ಅದು ಗಾಜಿನ ಮೇಲೆ ಅಕ್ಷರವಾಗಿ ಮೂಡಿಸುತ್ತಿತ್ತು. ಇಪ್ಪತ್ತು ವರ್ಷದ ಮೇಲೆ ಮುದುಕಿ ಓಣಿಯ ಹರಟೆಗೆ ಕೂತು ನಕ್ಕಳು. ಕನ್ನಡಕಕ್ಕೆ ಹೆಮ್ಮೆಯೋ ಹೆಮ್ಮೆ.

ಪಂಚಮಿಗೆ ಮಗಳು ನೀಲವ್ವ ತವರಿಗೆ ಬಂದಳು.

"ಅತ್ತಿ ಮನ್ಯಾಗ ಹೆಂಗದೀ, ಮಗಳ?" ಎಂದಳು ತಾಯಿ.

"ಆರಾಮ ಅದೀನವ್ವಾ" ಎಂದು ಗಾಜಿನಲ್ಲಿ ಮೂಡಿತು. ಅದನ್ನು ಓದಿದ ಚೆನ್ನವ್ವ ನೆಮ್ಮದಿಯಿಂದ ಕನ್ನಡಕವನ್ನು ಗೂಡಿನಲ್ಲಿಟ್ಟು ಉಂಡಿ ಕಟ್ಟಲು ಕೂತಳು.

ಗೂಡಿನಲ್ಲಿದ್ದ ಹಳೆಯ ಕನ್ನಡಕ ಕೇಳಿತು: "ತಮ್ಮಾ, ಹುಡುಗಿಯ ತುಟಿ ನಡುಗಿದ್ದನ್ನೂ ಬರೆದೆಯಾ?"

"ಅದು ಮಾತಲ್ಲವಲ್ಲ, ಅಣ್ಣಾ. ಆಡಿದ್ದನ್ನು ಒಂದಕ್ಷರ ಬಿಡದೆ ಬರೆದೆ."

"ನಿನ್ನ ತಪ್ಪೇನಿಲ್ಲ. ಆದರೆ ಇಷ್ಟು ವರ್ಷ ಆಕೆ ಮುಖ ಓದುತ್ತಿದ್ದಳು. ಈಗ ನಿನ್ನನ್ನು ಓದುತ್ತಾಳೆ."



ಹೊರಡುವ ದಿನ ತಾಯಿ ಮತ್ತೆ ಅದನ್ನೇ ಕೇಳಿದಳು. ಮಗಳು ಮತ್ತೆ ಅದನ್ನೇ ಹೇಳಿದಳು. ಕನ್ನಡಕ ಮಾತ್ರ ಈ ಸಲ ಒಂದಕ್ಷರವನ್ನೂ ಮೂಡಿಸದೆ ಸುಮ್ಮನಿತ್ತು. ಖಾಲಿ ಗಾಜಿನಾಚೆ ಚೆನ್ನವ್ವನಿಗೆ ಮಗಳ ಮುಖ ಕಂಡಿತು.

ಹೊಸ್ತಿಲಾಚೆ ಇಟ್ಟಿದ್ದ ಮಗಳ ಚೀಲವನ್ನು ಆಕೆ ಎತ್ತಿ ಮತ್ತೆ ಒಳಗೆ ತಂದಳು.