ತಡೆದ ಒಂಬತ್ತು ಸಲ

“ಗುರುಗಳೇ, ತನ್ನ ಮೈಗೆ ತಾನೇ ನೋವು ಮಾಡಿಕೊಳ್ಳುವವನು ಅದನ್ನು ತಿಳಿದು ಮಾಡಿಕೊಳ್ಳುತ್ತಾನೋ, ತಡೆಯಲಾರದೆ ಮಾಡಿಕೊಳ್ಳುತ್ತಾನೋ?”

ಕೇಳಿದವನು ಅಡವಯ್ಯ. ಅವನು ಮಠಕ್ಕೆ ಬಂದು ಮೂರು ವರ್ಷವಾಗಿತ್ತು. ಊರಿನಲ್ಲಿ ಯಾರದೋ ಸುದ್ದಿ ಕೇಳಿ ಬಂದವನಂತೆ ದನಿ ಹಗುರ ಮಾಡಿಕೊಂಡು ಕೇಳಿದ. ಎಡಗೈ ಮಾತ್ರ ಶಲ್ಯದೊಳಗಿತ್ತು. ಆ ಕೈಯ ಮೇಲಿನ ಗಾಯಗಳನ್ನು ಅವನು ಇದುವರೆಗೆ ಯಾರಿಗೂ ತೋರಿಸಿರಲಿಲ್ಲ. ಬಟ್ಟೆಯ ಗಂಟನ್ನು ಆಗಲೇ ಕಟ್ಟಿಟ್ಟಿದ್ದ. ತಿಳಿದೇ ಮಾಡಿಕೊಳ್ಳುವುದು ಎಂದು ಗುರುಗಳು ಹೇಳಿದರೆ, ಇಂಥವನಿಗೆ ಮಠದಲ್ಲಿ ಜಾಗವಿಲ್ಲ. ತಡೆಯಲಾರದ್ದು ಎಂದರೆ, ಇಂಥವನಿಗೆ ಎಲ್ಲಿದ್ದೂ ಪ್ರಯೋಜನವಿಲ್ಲ. ಉತ್ತರ ಯಾವುದೇ ಬರಲಿ, ಹೊರಟುಬಿಡುವುದೆಂದು ನಿಶ್ಚಯಿಸಿಯೇ ಬಂದಿದ್ದ.

“ಅದನ್ನು ತಿಳಿದುಕೊಂಡು ಏನು ಮಾಡುತ್ತೀಯ?” ಎಂದರು ಗುರುಗಳು.

“ತಿಳಿದು ಮಾಡಿಕೊಂಡರೆ ಬೈಯಬೇಕು. ತಡೆಯಲಾರದೆ ಮಾಡಿಕೊಂಡರೆ ಮರುಗಬೇಕು.”

“ಭಲೇ. ಮನೆಗೆ ಎರಡು ಬಾಗಿಲು ಇಟ್ಟಿದ್ದೀಯ. ಎರಡೂ ಹೊರಕ್ಕೇ ಹೋಗುತ್ತವೆ. ಕುಳಿತುಕೋ” ಎಂದು ಗುರುಗಳು ಈ ಕತೆ ಹೇಳಿದರು.

ಒಬ್ಬ ಬಳೆಗಾರ್ತಿ ಇದ್ದಳು. ಸುತ್ತಲಿನ ಏಳು ಹಳ್ಳಿಯ ಹೆಣ್ಣುಮಕ್ಕಳ ಕೈ ಅವಳಿಗೆ ಗೊತ್ತಿತ್ತು. ಗಾಜಿನ ಬಳೆ ತೊಡಿಸುವುದು ಹುಡುಗಾಟವಲ್ಲ. ಮಣಿಕಟ್ಟಿಗೆ ಒಪ್ಪುವ ಬಳೆ ಅದಕ್ಕಿಂತ ಅಗಲವಾದ ಗೆಣ್ಣನ್ನು ದಾಟಿಯೇ ಹೋಗಬೇಕು. ಕೈ ಸಡಿಲವಿದ್ದರೆ ದಾಟುತ್ತದೆ, ಬಿಗಿದಿದ್ದರೆ ಒಡೆಯುತ್ತದೆ. ಇವಳು ತೊಡಿಸುವಾಗ ಬಳೆ ಒಡೆದದ್ದನ್ನು ಕಂಡವರು ಕಡಿಮೆ. ಕೈಗುಣ ಎಂದರೆ ಅವಳದು ಎಂದು ಜನ ಹೊಗಳುತ್ತಿದ್ದರು. ಅವಳು ನಕ್ಕು ಸುಮ್ಮನಾಗುತ್ತಿದ್ದಳು.

ಒಬ್ಬ ವ್ಯಾಪಾರಿಯ ತಂಗಿಯ ಮದುವೆ ಬಂತು. ಬಳೆಗಾರ್ತಿಗೆ ಕರೆ ಹೋಯಿತು. ಮನೆಯ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಕೈ ನೀಡಿ ಹಸಿರು ಬಳೆ ತೊಟ್ಟುಕೊಂಡರು. ಎಲ್ಲರ ಕೊನೆಗೆ ವ್ಯಾಪಾರಿಯ ಹೆಂಡತಿ ಬಂದು ಕುಳಿತಳು. ಬೇಸಗೆಯಲ್ಲೂ ತುಂಬುತೋಳಿನ ಕುಪ್ಪಸ ತೊಟ್ಟಿದ್ದಳು. ಬಳೆಗಾರ್ತಿ ತೋಳನ್ನು ಮೇಲೆ ಸರಿಸಿದಳು. ಕೈಯ ತುಂಬ ಗಾಯಗಳಿದ್ದವು. ಕೆಲವು ಮಾಗಿದ್ದವು, ಕೆಲವು ಹೊಸವು. ಬಳೆಗಾರ್ತಿ ಕಂಡೂ ಕಾಣದವಳಂತೆ ಬಳೆ ಆರಿಸತೊಡಗಿದಳು. ಆದರೆ ಅತ್ತೆಯ ಬಾಯಿ ಸುಮ್ಮನಿರಲಿಲ್ಲ.

“ಎಲ್ಲಾ ತಾನ ಮಾಡ್ಕೊಂಡಿದ್ದು. ಬೇಕಂತ ಮಾಡ್ಕೋತಾಳ. ಅಂಗೈ ಹುಣ್ಣಿಗೆ ಕನ್ನಡಿ ಯಾಕ ಬೇಕು?”

“ಬೇಕಂತ ಯಾರ ಮಾಡ್ಕೋತಾರವಾ? ಏನೋ ಹಿಡದೈತಿ. ಆಕಿ ಏನ ಮಾಡ್ಯಾಳು?” ಎಂದ ವ್ಯಾಪಾರಿ, ಬಾಗಿಲಲ್ಲಿ ನಿಂತು.

ಒಂದು ವರ್ಷದಿಂದ ಆ ಮನೆಯಲ್ಲಿ ಇದೇ ವಾದ. ಅತ್ತೆ ಬೈದದ್ದೇ ಬೈದದ್ದು. ಮಗ ಕಂಡಕಂಡಲ್ಲಿಂದ ತಾಯತ ತಂದದ್ದೇ ತಂದದ್ದು. ಸೊಸೆ ಇಬ್ಬರ ನಡುವೆ ಕಂಬದಂತೆ ನಿಂತು ಕೇಳುತ್ತಿದ್ದಳು. ಯಾರು ಗೆದ್ದರೂ ಅವಳಿಗೆ ಸಿಗುವುದು ಏನೂ ಇರಲಿಲ್ಲ. ಆ ಕೈಯನ್ನು ಹಿಡಿದುಕೊಂಡು ಒಂದು ಗಳಿಗೆ ಅವಳ ಪಕ್ಕದಲ್ಲಿ ಕುಳಿತವರು ಮಾತ್ರ ಯಾರೂ ಇರಲಿಲ್ಲ.

“ಸಾವಿರ ಕೈ ಹಿಡದಾಕಿ ನೀನು. ನೀನ ಹೇಳು” ಎಂದಳು ಅತ್ತೆ. “ಬೇಕಂತ ಮಾಡ್ಕೋತಾಳಂದ್ರ, ಮದುವಿ ಮುಗದ ಮರುದಿನ ತವರಮನಿಗೆ ಕಳಸಿಬಿಡ್ತೀನಿ.”

“ಬಳಿ ಇಟ್ಟ ಮ್ಯಾಲ ಹೇಳ್ತೀನ್ರಿ” ಎಂದಳು ಬಳೆಗಾರ್ತಿ.

ಮೊದಲ ಬಳೆ ಗೆಣ್ಣಿನ ಬಳಿ ನಿಂತಿತು. ಸೊಸೆಯ ಕೈ ಬಿಗಿದಿತ್ತು. ಕೈ ಸಡಿಲ ಬಿಡು ಎಂದು ಅತ್ತೆ ಗದರಿದಳು. ಬಿಟ್ಟೀನ್ರಿ ಎಂದಳು ಸೊಸೆ. ಅವಳು ಸುಳ್ಳು ಹೇಳಲಿಲ್ಲ. ಬಿಟ್ಟಿದ್ದೇನೆಂದೇ ಅವಳು ತಿಳಿದಿದ್ದಳು.

“ನೋಡಿದೇನ ಹಟ?” ಎಂದಳು ಅತ್ತೆ.

ಬಳೆಗಾರ್ತಿ ಮಾತಾಡದೆ ಅತ್ತೆಯ ಕೈಯನ್ನೇ ಎಳೆದುಕೊಂಡಳು. ಒಂದಳತೆ ಚಿಕ್ಕ ಬಳೆ ತೆಗೆದು ಗೆಣ್ಣಿಗೆ ಒತ್ತಿದಳು. ಸಡಿಲ ಬಿಡ್ರಿ ಅಕ್ಕಾರ ಎಂದಳು. ಬಿಟ್ಟೀನಲ್ಲ ಎಂದಳು ಅತ್ತೆ. ಬಿಟ್ಟಿಲ್ರಿ ಎಂದಳು ಬಳೆಗಾರ್ತಿ. ಅತ್ತೆ ತನ್ನ ಕೈ ನೋಡಿಕೊಂಡಳು. ಐದೂ ಬೆರಳು ಸೆಟೆದು ನಿಂತಿದ್ದವು. ಪಡಸಾಲೆಯ ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಅತ್ತೆಗೂ ನಗು ಬಂತು.

ವ್ಯಾಪಾರಿಗೆ ಹಿಗ್ಗೋ ಹಿಗ್ಗು. “ನಾ ಹೇಳಿದ್ದ ಖರೆ ಆತಲ್ಲ. ಮನಸಿನ ಮಾತು ಕೈ ಕೇಳಂಗಿಲ್ಲ” ಎಂದ.

“ಹಂಗಾರ ಕೊನಿಗೆ ಸಡ್ಲ ಬಿಡವ್ರು ಯಾರ್ರೀ ಸಾವಕಾರ್ರ?” ಎಂದಳು ಬಳೆಗಾರ್ತಿ. “ನಾನಂತೂ ಅಲ್ಲ. ತೊಡವಾಕಿನ ಬಿಡಬೇಕು. ಆಕಿ ಬಿಡೂತನಕ ಕೈ ಹಿಡ್ಕೊಂಡು ಕುಂದರೂದು ಅಷ್ಟ ನನ್ನ ಕೆಲಸ.”

ತಾಯಿ ಮಗ ಇಬ್ಬರೂ ಬಾಯಿ ಮುಚ್ಚಿದರು. ಆ ಮನೆಯಲ್ಲಿ ಅದು ಅಪರೂಪ.

ಬಳೆಗಾರ್ತಿ ಬಳೆಯನ್ನು ಪಕ್ಕಕ್ಕಿಟ್ಟಳು. ಸೊಸೆಯ ಕೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡು ಕುಳಿತಳು. ಅತ್ತ ಅಡುಗೆಯವರು ಕೂಗಿದರು, ಇತ್ತ ಚಪ್ಪರದವರು ಕೂಗಿದರು. ಅವಳು ಏಳಲಿಲ್ಲ. ಬಹಳ ಹೊತ್ತಿನ ಮೇಲೆ ಮೆಲ್ಲಗೆ ಕೇಳಿದಳು: “ಹಂಗ ಮಾಡ್ಕೋಬೇಕು ಅನಿಸಿದಾಗ ಎಂದಾದ್ರೂ ತಡದೀಯೇನ, ನನ್ನವ್ವ?”

ಒಂದು ವರ್ಷದಲ್ಲಿ ಈ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ. ಯಾಕೆ ಮಾಡಿಕೊಂಡೆ ಎಂದು ಕೇಳಿದ್ದರು. ತಡೆದೆಯಾ ಎಂದು ಕೇಳಿರಲಿಲ್ಲ.

“ಹತ್ತು ಸಲ ಅನಿಸಿದ್ರ ಒಂಬತ್ತು ಸಲ ತಡೀತೀನಿ” ಎಂದಳು ಸೊಸೆ. “ಹತ್ತನೇದು ಆಗಂಗಿಲ್ಲ.”

“ಆ ಒಂಬತ್ತು ಸಲ ಯಾರು ನೋಡ್ಯಾರ?”

“ಯಾರೂ ಇಲ್ರಿ. ತಡದದ್ದಕ್ಕ ಗುರ್ತ ಉಳಿಯಂಗಿಲ್ಲಲ್ರೀ.”

ಮನೆಯವರು ವರ್ಷವಿಡೀ ಆ ಕೈಯ ಗಾಯ ನೋಡಿದ್ದರು. ಅದೇ ಕೈಯಲ್ಲಿ ಗಾಯವಿಲ್ಲದ ಜಾಗವೂ ಇತ್ತು. ಅದು ಅವಳು ಒಬ್ಬಳೇ ಕಾದಾಡಿ ಉಳಿಸಿಕೊಂಡ ಜಾಗ ಎಂದು ಯಾರಿಗೂ ಹೊಳೆದಿರಲಿಲ್ಲ.

ಹೇಗೆ ತಡೆದೆ ಎಂದು ಬಳೆಗಾರ್ತಿ ಕೇಳಿದಳು. ಸೊಸೆ ಹೇಳಿದಳು. ಒಮ್ಮೆ ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸಿದ್ದಳು. ಒಮ್ಮೆ ಕೊಟ್ಟಿಗೆಗೆ ಹೋಗಿ ಎಮ್ಮೆಯ ಕೊರಳು ತಬ್ಬಿ ನಿಂತಿದ್ದಳು. ಒಮ್ಮೆ ಹೆಸರುಕಾಳು ಮುಂದಿಟ್ಟುಕೊಂಡು, ಇಲ್ಲದ ಕಲ್ಲನ್ನು ಸಂಜೆಯತನಕ ಆರಿಸಿದ್ದಳು. ಅವಳು ಹೇಳುತ್ತ ಹೋದಳು. ಮಾತು ಮುಗಿದಾಗ ಗಾಯಕ್ಕೆ ತಾಕದ ಹಾಗೆ ಮಣಿಕಟ್ಟಿನಲ್ಲಿ ನಾಲ್ಕು ಹಸಿರು ಬಳೆ ಇದ್ದವು. ಗೆಣ್ಣನ್ನು ಯಾವಾಗ ದಾಟಿದವೆಂದು ಅವಳಿಗೇ ತಿಳಿಯಲಿಲ್ಲ.

ಬಳೆ ತೊಟ್ಟವಳು ತೊಡಿಸಿದವಳಿಗೆ ಕೈಮುಗಿಯುವುದು ವಾಡಿಕೆ. ಅಂದು ತೊಡಿಸಿದವಳೇ ತೊಟ್ಟವಳ ಕೈಯನ್ನು ಕಣ್ಣಿಗೆ ಒತ್ತಿಕೊಂಡಳು. ಎಷ್ಟೋ ಶ್ರೀಮಂತರ ಮನೆಯ ಹೆಣ್ಣುಮಕ್ಕಳಿಗೆ ಬಳೆ ತೊಡಿಸಿದ್ದಳು. ಎಂದೂ ಹೀಗೆ ಮಾಡಿದವಳಲ್ಲ.

ಬೇಕಂತಲೋ ಅಲ್ಲವೋ ಎಂದು ಅತ್ತೆ ಮತ್ತೆ ಕೇಳಲಿಲ್ಲ. “ಹತ್ತನೇ ಸಲಕ್ಕ ಏನ ಮಾಡೂದು?” ಎಂದು ಕೇಳಿದಳು.

“ಹತ್ತನೇ ಸಲ ನಿಮ್ಮ ಕಡೆ ಬರಲಿ. ಬೈಬ್ಯಾಡ್ರಿ, ಅಳಬ್ಯಾಡ್ರಿ, ಕೈ ಹಿಡ್ಕೋರಿ. ವೈದ್ಯರನ್ನೂ ಕರಸ್ರಿ. ಮ್ಯಾಲಿನ ಗಾಯ ನೋಡಿ ಎದ್ದು ಹೋಗವ್ರನ್ನಲ್ಲ, ಕುಂತು ಮಾತು ಕೇಳವ್ರನ್ನ” ಎಂದು ಬಳೆಗಾರ್ತಿ ಎದ್ದಳು.

ತಾಯತ ಮಾರುವವರ ಕತೆಯಾಗಿದ್ದರೆ ಅಂದೇ ಎಲ್ಲ ಸರಿಹೋಗುತ್ತಿತ್ತು. ಹಾಗಾಗಲಿಲ್ಲ. ಮದುವೆ ಮುಗಿಯಿತು, ತವರಿಗೆ ಗಾಡಿ ಹೂಡಲಿಲ್ಲ. ವೈದ್ಯರು ಬಂದರು, ಕುಳಿತು ಕೇಳಿದರು, ಮತ್ತೆ ಮತ್ತೆ ಬಂದರು. ಅದರ ನಡುವೆಯೂ ಎರಡು ಸಲ ಸೊಸೆ ನೋವು ಮಾಡಿಕೊಂಡಳು. ಅತ್ತೆ ಬಾಯಿಗೆ ಬಂದದ್ದನ್ನು ನುಂಗಿಕೊಂಡು ಗಾಯಕ್ಕೆ ಬಟ್ಟೆ ಕಟ್ಟಿದಳು. ಮೂರನೆಯ ಸಲ ತಡೆಯಲಾಗದು ಅನಿಸಿದಾಗ ಸೊಸೆ ಒಳಕೋಣೆಯಿಂದ ಎದ್ದು ಬಂದಳು. ಅತ್ತೆ ಒಲೆಯ ಮುಂದೆ ರೊಟ್ಟಿ ಬೇಯಿಸುತ್ತಿದ್ದಳು. ಸೊಸೆ ಅವಳ ಪಕ್ಕದಲ್ಲಿ ಕುಳಿತು ಕೈ ನೀಡಿದಳು. ಅತ್ತೆ ಹಿಟ್ಟಿನ ಕೈಯಲ್ಲೇ ಅದನ್ನು ಹಿಡಿದುಕೊಂಡಳು. ಹೆಂಚಿನ ಮೇಲಿನ ರೊಟ್ಟಿ ಕರಕಾಯಿತು. ಆ ರೊಟ್ಟಿಯನ್ನು ಆ ಮನೆಯಲ್ಲಿ ಯಾರೂ ಆಡಿಕೊಳ್ಳಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. “ಕಾಶಿಗೆ ನಡೆದು ಹೋಗಿಬಂದವರನ್ನು ನಾನು ಕಂಡಿದ್ದೇನೆ” ಎಂದರು. “ಒಳಕೋಣೆಯಿಂದ ಒಲೆಯವರೆಗೆ ಆ ಹುಡುಗಿ ಇಟ್ಟ ಹನ್ನೆರಡು ಹೆಜ್ಜೆ ಅದಕ್ಕಿಂತ ದೂರ.”

ಅಡವಯ್ಯ ಉತ್ತರಕ್ಕೆ ಕಾದ.

“ಹಾಗಾದರೆ ಗುರುಗಳೇ, ಅವಳು ತಿಳಿದು ಮಾಡಿಕೊಂಡಳೋ, ತಡೆಯಲಾರದೆ ಮಾಡಿಕೊಂಡಳೋ?” ಎಂದು ಕೇಳಿದ. ದನಿ ಈಗ ಹಗುರವಾಗಿರಲಿಲ್ಲ. ಶಲ್ಯದೊಳಗೆ ಎಡಗೈ ಮುಷ್ಟಿ ಕಟ್ಟಿರುವುದು ಅವನಿಗೆ ಆಗ ಗೊತ್ತಾಯಿತು. ಬಿಡಿಸಲು ನೋಡಿದ. ಅದು ಬಿಡಲಿಲ್ಲ.

ಗುರುಗಳು ತಮ್ಮ ಅಂಗೈಯನ್ನು ಚಾಪೆಯ ಮೇಲೆ ತೆರೆದಿಟ್ಟರು.

“ಅದಿರಲಿ ಅಡವಯ್ಯ, ನೀನು ಎಷ್ಟು ಸಲ ತಡೆದೆ?”

ಅಡವಯ್ಯನ ಎಡಗೈ ಶಲ್ಯದಿಂದ ಹೊರಗೆ ಬಂತು.