ಬೆನ್ನ ಹಿಂದಿನ ಬೆಟ್ಟಗಳು

ಹಿಮಾಲಯದ ತಪ್ಪಲಿನ ಒಂದು ನದಿಯ ದಡದಲ್ಲಿ ಸೋಮನಾಥಯ್ಯನವರ ಪುಟ್ಟ ಆಶ್ರಮವಿತ್ತು. ಸನ್ಯಾಸಕ್ಕೆ ಮೊದಲು ಅವರು ಬೆಟ್ಟಗಳನ್ನು ಅಳೆದು ನಕ್ಷೆ ಬರೆಯುವ ಕೆಲಸದಲ್ಲಿದ್ದವರು. ಮನೆ ಬಿಟ್ಟರು, ಸಂಬಳ ಬಿಟ್ಟರು. ನಕ್ಷೆ ಮತ್ತು ದಿಕ್ಸೂಚಿಯನ್ನು ಮಾತ್ರ ಬಿಡಲಿಲ್ಲ.

ಅವರ ಶಿಷ್ಯ ಇಂದುಧರನಿಗೆ ಈಗ ತಲೆ ನರೆತಿದೆ. ಗುರುಗಳು ಹೋಗಿ ಬಹಳ ಕಾಲವಾಯಿತು. ಆದರೂ ಪ್ರತಿ ಚಳಿಗಾಲ ನದಿಯಂಚಿನಲ್ಲಿ ಮೊದಲ ಸಲ ನೀರು ಹೆಪ್ಪುಗಟ್ಟಿದ ಬೆಳಿಗ್ಗೆ ಅವನ ಮನಸ್ಸು ಆ ಒಂದು ದಿನಕ್ಕೇ ಹೋಗಿ ನಿಲ್ಲುತ್ತದೆ.

ಗುಡ್ಡದಾಚೆ ಧನ್‌ಸಿಂಗ್ ಎಂಬ ಮುದುಕ ಕುರಿಗಾಹಿ ಇದ್ದ. ಚಳಿ ಬಂತೆಂದರೆ ಅವನಿಗೆ ಉಬ್ಬಸ. ಪ್ರತಿ ವರ್ಷ ಗುರುಗಳೇ ಅವನಿಗೆ ಔಷಧಿ ಒಯ್ಯುತ್ತಿದ್ದರು. ಆ ವರ್ಷ ಇಂದುಧರನನ್ನು ಕರೆದು, ಇನ್ನು ಮುಂದೆ ಇದು ನಿನ್ನ ಕೆಲಸ, ಈ ಸಲ ನೀನು ಮುಂದೆ ನಡೆ, ನಾನು ನಿನ್ನ ಹಿಂದೆ ಬರುತ್ತೇನೆ ಎಂದರು.

ಅದಕ್ಕೂ ಮೊದಲು ಅಂಗಳದ ಬಿಸಿಲಿನಲ್ಲಿ ನಕ್ಷೆ ಹರಡಿಕೊಂಡು ಕಲಿಸಿದ್ದರು. ದಿಕ್ಸೂಚಿಯ ಮುಳ್ಳು ನಿಂತಮೇಲೆ ನಕ್ಷೆಯನ್ನು ಅದಕ್ಕೆ ಹೊಂದಿಸುವುದು, ಕಣ್ಣಿಗೆ ಕಂಡ ಗುರುತಿನ ಕೋನ ಹಿಡಿದು ಗೆರೆ ಎಳೆಯುವುದು. ಇಂದುಧರ ಬೇಗ ಕಲಿತ. ಕಲಿತೆನೆಂಬ ಹೆಮ್ಮೆಯೂ ಬಂತು.

ಗುಡ್ಡದ ಮೇಲೆ ಹಿಮ ಕಾಲುದಾರಿಯನ್ನು ಮುಚ್ಚಿತ್ತು. ಒಂದು ಕೊರಕಲನ್ನು ಬಳಸಿ ಹೋಗುವಷ್ಟರಲ್ಲಿ ಮಂಜು ಕವಿಯಿತು. ಸ್ವಲ್ಪ ದೂರ ನಡೆದು ಇಂದುಧರ ನಿಂತ.

"ನಾವು ಎಲ್ಲಿದ್ದೇವೆ?" ಗುರುಗಳು ಕೇಳಿದರು.

ಅವನು ದಿಕ್ಸೂಚಿ ನೋಡಿದ. "ಉತ್ತರ ಅಲ್ಲಿದೆ ಗುರುಗಳೇ."

"ಅದು ಎಲ್ಲಿದೆ ಅಂತ ನಾನು ಕೇಳಲಿಲ್ಲ."

ಇಂದುಧರ ದಿಕ್ಸೂಚಿ ಇಳಿಸಿದ. ಎದುರಿನ ಮಂಜು ಸರಿದರೆ ಧನ್‌ಸಿಂಗನ ಮನೆ ಕಂಡೀತೆಂದು ಕಣ್ಣು ಕಿರಿದುಮಾಡಿ ಕಾದ. ಮಂಜು ಸರಿಯಲಿಲ್ಲ. ಬೆಳಕು ಇಳಿಯತೊಡಗಿತು. ಕತ್ತಲಾದರೆ ಔಷಧಿ ಮುಟ್ಟುವುದಿಲ್ಲ, ಹಿಮದಲ್ಲಿ ತಾವೂ ಉಳಿಯುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

ಗುರುಗಳು ಹತ್ತಿರ ಬಂದರು. ಅವನ ಎರಡೂ ಭುಜ ಹಿಡಿದು, ಮಗುವನ್ನು ತಿರುಗಿಸಿದಂತೆ ಹಿಂದಕ್ಕೆ ತಿರುಗಿಸಿದರು.

ಹಿಂದೆ ಆಕಾಶ ತಿಳಿಯಾಗಿತ್ತು. ಬೆಳಿಗ್ಗೆ ದಾಟಿಬಂದ ದೇವಿಗುಡಿಯ ಬೆಟ್ಟ, ಅದರ ಬಲಕ್ಕೆ ದೂರದಲ್ಲಿ ನೆತ್ತಿ ಸೀಳಿದ ಇನ್ನೊಂದು ಬೆಟ್ಟ, ಎರಡೂ ಬಿಸಿಲಿನಲ್ಲಿ ನಿಂತಿದ್ದವು.

ಇಂದುಧರ ಒಂದೊಂದರ ಕೋನ ಹಿಡಿದ. ನಕ್ಷೆಯಲ್ಲಿ ಆ ಬೆಟ್ಟಗಳಿಂದ ಒಂದೊಂದು ಗೆರೆ ಎಳೆದ. ಗೆರೆಗಳು ಕೂಡಿದ ಜಾಗವೇ ತಾವು ನಿಂತ ಜಾಗ. ಕೊರಕಲು ಬಳಸುವಾಗ ತೀರ ಮೇಲಕ್ಕೆ ಬಂದುಬಿಟ್ಟಿದ್ದರು. ಮನೆ ಎಡಕ್ಕೆ, ಕೆಳಗಿತ್ತು.

"ಬೆಳಗಿನಿಂದ ಒಂದು ಸಲವೂ ಹಿಂದೆ ನೋಡಲಿಲ್ಲ ನೀನು. ಯಾಕೆ?"

ಅವನು ನಕ್ಷೆ ಮಡಿಚಿ ಎಡಕ್ಕೆ ಹೆಜ್ಜೆ ಹಾಕಿದ. ಆಮೇಲೆ ಇಳಿಯುತ್ತ ಇಳಿಯುತ್ತ ಹೇಳಿದ. ಊರು ಬಿಟ್ಟ ದಿನ ಗುಳೇದಗುಡ್ಡದ ಬಸ್ ನಿಲ್ದಾಣಕ್ಕೆ ಅಣ್ಣ, ಅತ್ತಿಗೆ, ಅವ್ವ ಎಲ್ಲರೂ ಬಂದಿದ್ದರು. ಬಸ್ಸು ಹೊರಟಾಗ ಅವನು ಕತ್ತು ತಿರುಗಿಸಲಿಲ್ಲ. ಎಂಥ ಗಟ್ಟಿ ಮನಸ್ಸು ಎಂದು ಊರವರು ಹೊಗಳಿದರಂತೆ. ಆ ಹೊಗಳಿಕೆಯನ್ನು ಅವನು ವೈರಾಗ್ಯವೆಂದೇ ಇಷ್ಟು ವರ್ಷ ಕಾಪಾಡಿಕೊಂಡು ಬಂದಿದ್ದ.

"ಅವ್ವ ನಿಂತಿದ್ಲು ಗುರುಗಳೇ," ಅಂದ. ಆಶ್ರಮಕ್ಕೆ ಬಂದಮೇಲೆ ಊರಿನ ಮಾತು ಅವನ ಬಾಯಲ್ಲಿ ಬಂದದ್ದು ಅದೇ ಮೊದಲು. "ಬಸ್ಸಿನ ಹಿಂದ ನಾಲ್ಕು ಹೆಜ್ಜಿ ಓಡಿ ಬಂದ್ಲು. ಕಾಲಿನ ಸಪ್ಪಳ ಕೇಳ್ತು. ನಾ ನೋಡ್ಲಿಲ್ಲ."

ಗುರುಗಳು ಅವನ ಹೆಗಲ ಮೇಲೆ ಕೈಯಿಟ್ಟು ನಡೆದರು.

ಧನ್‌ಸಿಂಗನ ಮನೆಯ ಹೊಗೆ ಕಂಡಾಗ ಇನ್ನೂ ಬೆಳಕಿತ್ತು. ಮುದುಕ ಗೋಡೆಗೆ ಒರಗಿ ಏದುಸಿರು ಬಿಡುತ್ತಿದ್ದ. ಔಷಧಿ ಕುಡಿದು, ಬೆಂಕಿಯ ಮುಂದೆ ಕೂತು, ನಿಧಾನಕ್ಕೆ ಅವನ ಉಸಿರು ಹದಕ್ಕೆ ಬಂತು. ಹೆಂಡತಿ ಎಲ್ಲರಿಗೂ ಬಿಸಿ ಹಾಲು ಕೊಟ್ಟಳು. ಕುರಿಯ ಹಾಲಿನ ಆ ವಾಸನೆ, ಒದ್ದೆ ಕಂಬಳಿಯಿಂದ ಏಳುತ್ತಿದ್ದ ಹಬೆ, ಪಕ್ಕದಲ್ಲಿ ಗುರುಗಳು ಲೋಟ ಹಿಡಿದು ಕೂತ ಭಂಗಿ ಇಂದುಧರನಿಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ.

ಅಲ್ಲಿಯೇ ಅವನು ಅಳುಕುತ್ತ ಕೇಳಿದ, ಹಿಮ ಕರಗಿದ ಮೇಲೆ ಊರಿಗೆ ಹೋಗಿ ಅವ್ವನನ್ನು ನೋಡಿ ಬರಬಹುದೇ ಎಂದು.

ಹೋಗು ಎಂದರು ಗುರುಗಳು.

ಅವನಿಗೆ ಸಮಾಧಾನವಾಗಲಿಲ್ಲ. "ಆದರೆ ಗುರುಗಳೇ, ಬಿಟ್ಟು ಬಂದದ್ದನ್ನು ತಿರುಗಿ ನೋಡಿದರೆ ಸನ್ಯಾಸ ಕೆಡುವುದಿಲ್ಲವೇ?"

ಗುರುಗಳು ಹಾಲಿನ ಕೊನೆಯ ಗುಟುಕು ಕುಡಿದು ಲೋಟ ಕೆಳಗಿಟ್ಟರು.

"ಇವತ್ತು ನೀನು ತಿರುಗಿ ನೋಡಿದೆ. ಆಮೇಲೆ ನಿನ್ನ ಕಾಲು ಎತ್ತ ನಡೆದವು?"